ಬಾತ್ ಹಾಫ್ ಮ್ಯಾರಥಾನ್: ಗುಡ್ಡಕ್ಕಲ್ಲ, ಮೊದಲ ಎರಡು ಮೈಲಿಗೆ ಹೆದರಿ

ಪ್ರಶ್ನೆ: ನಾನು ಶಿವಮೊಗ್ಗದವಳು. ವಯಸ್ಸು 34, ತೂಕ 64 ಕೆ.ಜಿ. ಬ್ರಿಸ್ಟಲ್‌ಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿದ್ದಾಗ 10 ಕಿ.ಮೀ. ಓಟವನ್ನು 62 ನಿಮಿಷದಲ್ಲಿ ಮುಗಿಸಿದ್ದೆ. ಇಲ್ಲಿ ವಾರಕ್ಕೆರಡು ಸಲ ಸುಮ್ಮನೆ ಓಡುತ್ತೇನೆ. ಮಾರ್ಚ್‌ನಲ್ಲಿ ನಡೆಯುವ ಬಾತ್ ಹಾಫ್ ಮ್ಯಾರಥಾನ್‌ಗೆ ಒಂದು ಚಾರಿಟಿಯ ಮೂಲಕ ಜಾಗ ಸಿಕ್ಕಿದೆ. ಇನ್ನು 14 ವಾರ ಇದೆ. ಬಾತ್ ಗುಡ್ಡಗಳ ಊರು ಎನ್ನುತ್ತಾರೆ, ನನಗೆ ಚಳಿಯ ಭಯ ಬೇರೆ. ಸಸ್ಯಾಹಾರಿ. ಎಷ್ಟು ಸಮಯದ ಗುರಿ ಇಟ್ಟುಕೊಳ್ಳಲಿ? ತಯಾರಿ, ಊಟ, ಬಟ್ಟೆ ಹೇಗಿರಬೇಕು?

ಉತ್ತರ: ಮೊದಲು ಗುಡ್ಡದ ಭಯ ಬಿಡಿ. ಬಾತ್ ಊರು ಬಟ್ಟಲಿನ ತಳದಲ್ಲಿ ಕೂತಂತಿದೆ, ಸುತ್ತಲೂ ಏರು, ಅದು ನಿಜ. ಆದರೆ ಈ ಓಟ ಬಟ್ಟಲಿನ ಅಂಚಿಗೆ ಹತ್ತುವುದೇ ಇಲ್ಲ. ಏವನ್ ನದಿಯ ಅಕ್ಕಪಕ್ಕದ ರಸ್ತೆಗಳಲ್ಲೇ ಸುತ್ತುತ್ತದೆ. ಗ್ರೇಟ್ ಪಲ್ಟ್ನಿ ಸ್ಟ್ರೀಟ್‌ನಲ್ಲಿ ಹೊರಟು, ಊರಿನ ನಡುವೆ ಕ್ವೀನ್ ಸ್ಕ್ವೇರ್ ದಾಟಿ, ಪಶ್ಚಿಮಕ್ಕೆ ಅಪ್ಪರ್ ಬ್ರಿಸ್ಟಲ್ ರಸ್ತೆಯಲ್ಲಿ ನ್ಯೂಬ್ರಿಜ್ ಕಡೆಗೆ ಹೋಗಿ, ನದಿ ದಾಟಿ ಲೋವರ್ ಬ್ರಿಸ್ಟಲ್ ರಸ್ತೆಯಲ್ಲಿ ವಾಪಸ್. ಈ ಸುತ್ತು ಎರಡು ಸಲ. ಕೊನೆಗೆ ಮತ್ತೆ ಗ್ರೇಟ್ ಪಲ್ಟ್ನಿ ಸ್ಟ್ರೀಟ್. ಅಲ್ಲಲ್ಲಿ ಸಣ್ಣ ಏರುಗಳಿವೆ: ಕ್ವೀನ್ ಸ್ಕ್ವೇರ್ ಸುತ್ತ ಒಂದು, ನ್ಯೂಬ್ರಿಜ್ ಕಡೆ ಒಂದು, ಕೊನೆಯ ಮೈಲಿಯಲ್ಲಿ ದಣಿದ ಕಾಲಿಗೆ ಮಾತ್ರ ಗೊತ್ತಾಗುವಂಥದ್ದೊಂದು. ತಿರುವುಗಳಲ್ಲಿ ಸಣ್ಣಪುಟ್ಟ ಬದಲಾವಣೆ ವರ್ಷವರ್ಷ ಇರುತ್ತದೆ, ಆಯಾ ವರ್ಷದ ನಕ್ಷೆ ನೋಡಿಕೊಳ್ಳಿ. 1982ರಿಂದ ನಡೆಯುತ್ತಿರುವ ಈ ಓಟದಲ್ಲಿ ಮೊದಲ ಸಲದವರ ಲೆಕ್ಕ ತಪ್ಪುವುದು ಏರಿನಿಂದಲ್ಲ. ಹೊರಡುವ ಮುಂಚಿನ ಒಂದು ಗಂಟೆ ಚಳಿಯಲ್ಲಿ ನಿಂತಿದ್ದರಿಂದ, ಆಮೇಲೆ ಆ ಚಳಿ ಬಿಡಿಸಿಕೊಳ್ಳಲು ಮೊದಲ ಎರಡು ಮೈಲಿ ತೀರಾ ಜೋರಾಗಿ ಓಡಿದ್ದರಿಂದ. ಕೆಳಗಿನ ಸಲಹೆಯಲ್ಲಿ ಹೆಚ್ಚಿನದು ಇವೆರಡನ್ನು ತಪ್ಪಿಸುವುದಕ್ಕೇ.

ಗುರಿ ಎಷ್ಟು? 10 ಕಿ.ಮೀ. ಸಮಯದಿಂದ ಹಾಫ್ (21.1 ಕಿ.ಮೀ.) ಸಮಯ ಅಂದಾಜು ಮಾಡಲು ಓಟಗಾರರು ಬಳಸುವ ರೀಗೆಲ್ ಸೂತ್ರವಿದೆ. ಆ ಲೆಕ್ಕದಲ್ಲಿ 10ರ ಸಮಯವನ್ನು ಸುಮಾರು 2.2ರಿಂದ ಗುಣಿಸಬೇಕು. ನಿಮ್ಮ 62 ನಿಮಿಷಕ್ಕೆ 2 ಗಂಟೆ 17 ನಿಮಿಷ ಬರುತ್ತದೆ. ಆದರೆ ಸೂತ್ರ ನೀವು ದೂರದ ಓಟಕ್ಕೂ ಅಷ್ಟೇ ತಯಾರಾಗಿದ್ದೀರಿ ಎಂದುಕೊಂಡು ಹೇಳುವ ಮಾತು. ಮೊದಲ ಹಾಫ್‌ಗೆ 2 ಗಂಟೆ 20 ನಿಮಿಷ ಇಟ್ಟುಕೊಳ್ಳಿ. 2 ಗಂಟೆಯ ಆಸೆ ಈ ಸಲ ಬೇಡ; ಅದಕ್ಕೆ ಕಿಲೋಮೀಟರ್‌ಗೆ 5:41ರಂತೆ 21 ಕಿ.ಮೀ. ಪೂರ್ತಿ ಓಡಬೇಕು, ನೀವು 10 ಕಿ.ಮೀ. ಓಡಿದ್ದೇ 6:12ರಲ್ಲಿ.

ಅದೂ ಆ 62 ಎಂಟು ತಿಂಗಳ ಹಿಂದಿನದು. ಈಗ ಎಲ್ಲಿದ್ದೀರಿ ಎಂದು ತಿಳಿಯಲು ಶನಿವಾರ ಬೆಳಗ್ಗೆ 9ಕ್ಕೆ ನಡೆಯುವ ಪಾರ್ಕ್‌ರನ್‌ಗೆ ಹೋಗಿ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಶುರುವಾದದ್ದು, ಈಗ ಇಂಗ್ಲೆಂಡಿನ ಊರೂರಲ್ಲೂ ಇದೆ. 5 ಕಿ.ಮೀ., ಬಿಟ್ಟಿ, ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ತೆಗೆದುಕೊಂಡು ಹೋದರಾಯಿತು. ಬ್ರಿಸ್ಟಲ್‌ನ ಆ್ಯಶ್ಟನ್ ಕೋರ್ಟ್‌ನದು ಅರ್ಧ ದಾರಿ ಬರೀ ಏರು, ಅಲ್ಲಿನ ಸಮಯ ಲೆಕ್ಕಕ್ಕೆ ಬಾರದು. ಸಮತಟ್ಟಾದ ಬೇರೊಂದನ್ನು ಹುಡುಕಿ. ಪೂರ್ತಿ ದಮ್ಮು ಹಾಕಿ ಓಡಿದಾಗ 30 ನಿಮಿಷಕ್ಕೆ ಮುಗಿದರೆ ನಿಮ್ಮ ಹಳೆಯ 62 ಇನ್ನೂ ಕಾಲಿನಲ್ಲಿದೆ. 32 ಆದರೆ ಹಾಫ್ ಅಂದಾಜು 2 ಗಂಟೆ 27 ನಿಮಿಷಕ್ಕೆ ಹೋಗುತ್ತದೆ, ಗುರಿಯನ್ನು 2:30 ಮಾಡಿಕೊಳ್ಳಿ. ಇದನ್ನು ಈಗೊಮ್ಮೆ, ಎಂಟನೇ ವಾರದಲ್ಲಿ ಇನ್ನೊಮ್ಮೆ ಮಾಡಿ.

ವಾರಕ್ಕೆ ಮೂರು ಓಟ ಸಾಕು. ನಾಲ್ಕನೆಯದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಮೂರರಲ್ಲಿ ಬಿಡಬಾರದ್ದು ಭಾನುವಾರದ ಉದ್ದ ಓಟ. 10 ಕಿ.ಮೀ.ಯಿಂದ ಶುರು ಮಾಡಿ ವಾರಕ್ಕೆ ಒಂದೊಂದೂವರೆ ಕಿ.ಮೀ. ಏರಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಇಳಿಸಿ: ಅಂದರೆ 10, 11.5, 13, ಮತ್ತೆ 10, ಆಮೇಲೆ 14, 15, 16, ಇಳಿಸಿ 12, 17, 18, ಇಳಿಸಿ 14, ಹನ್ನೆರಡನೇ ವಾರ 19, ಹದಿಮೂರನೇ ವಾರ 12, ಹದಿನಾಲ್ಕಕ್ಕೆ ಬಾತ್. ಇಪ್ಪತ್ತೊಂದು ಪೂರ್ತಿ ಮುಂಚೆಯೇ ಓಡಿ ನೋಡಬೇಕಾಗಿಲ್ಲ. 19 ಆದವರಿಗೆ ಉಳಿದ ಎರಡು ಕಿ.ಮೀ.ಯನ್ನು ರಸ್ತೆ ಬದಿಯ ಜನರ ಕೂಗೇ ಓಡಿಸುತ್ತದೆ. ಈ ಉದ್ದ ಓಟದ ವೇಗ ಕಿಲೋಮೀಟರ್‌ಗೆ 7:15ರಿಂದ 7:45. ಪಕ್ಕದವರೊಡನೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಇಷ್ಟು ನಿಧಾನ ಓಡಿ ಏನು ಲಾಭ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಆದರೆ ಇಲ್ಲಿ ಗಟ್ಟಿ ಮಾಡಬೇಕಿರುವುದು ಉಸಿರಿಗಿಂತ ಹೆಚ್ಚಾಗಿ ಕಾಲಿನ ಸ್ನಾಯುರಜ್ಜು, ಮೂಳೆ, ಹೊಟ್ಟೆ. ಇವು ಹೊತ್ತಿಗೆ ಒಗ್ಗುತ್ತವೆ, ವೇಗಕ್ಕಲ್ಲ.

ವಾರದ ನಡುವಿನ ಒಂದು ಓಟ ಸ್ವಲ್ಪ ಬಿರುಸಾಗಿರಲಿ: 10 ನಿಮಿಷ ನಿಧಾನ, ಆಮೇಲೆ 6:15–6:20ರ ವೇಗದಲ್ಲಿ 10 ನಿಮಿಷ, 2 ನಿಮಿಷ ಬಿಡುವು, ಹೀಗೆ ಮೂರು ಸಲ. ಇನ್ನೊಂದು ಓಟ ಸುಮ್ಮನೆ 5–6 ಕಿ.ಮೀ. ಹಗುರಾಗಿ. ವಾರಕ್ಕೆರಡು ದಿನ ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು, ಕಾಲಿಗೆ 12ರಂತೆ ಮೂರು ಸಲ; ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ. ಹೊಸಬರಿಗೆ ಆರೇಳನೇ ವಾರದಲ್ಲಿ ಕಾಡುವ ಮೀನಖಂಡದ ನೋವು, ಹಿಮ್ಮಡಿ ಸ್ನಾಯುರಜ್ಜಿನ ನೋವಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಬ್ರಿಸ್ಟಲ್‌ನಲ್ಲಿರುವ ನಿಮಗೆ ಒಂದು ಅನುಕೂಲವಿದೆ, ಅದನ್ನು ಬಿಡಬೇಡಿ. ಬ್ರಿಸ್ಟಲ್‌ನಿಂದ ಬಾತ್‌ವರೆಗೆ ಹಳೆಯ ರೈಲು ಹಳಿ ಕಿತ್ತ ಜಾಗದಲ್ಲಿ ಸೈಕಲ್ ಮತ್ತು ಕಾಲುದಾರಿ ಇದೆ. 1979ರಿಂದ 1986ರವರೆಗೆ ತುಂಡುತುಂಡಾಗಿ ಕಟ್ಟಿದ್ದು, ಉದ್ದ ಸುಮಾರು 13 ಮೈಲಿ. ಹೆಚ್ಚುಕಡಿಮೆ ನಿಮ್ಮ ಓಟದಷ್ಟೇ! ಡಾಂಬರು ಹಾಕಿದ್ದು, ಮೋಟಾರು ಗಾಡಿಗಳಿಲ್ಲ. ಬ್ರಿಸ್ಟಲ್ ಕಡೆಯಿಂದ ಸ್ಟೇಪಲ್ ಹಿಲ್ ಸುರಂಗದವರೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಏರು, ರೈಲಿನ ಏರು. ವಾಪಸ್ ಬರುವಾಗ ಅದೇ ಇಳಿಜಾರು. ಸುರಂಗ 471 ಮೀಟರ್, ದೀಪ ಇದೆ, ಒಳಗೆ ಹನಿ ತೊಟ್ಟಿಕ್ಕುತ್ತಿರುತ್ತದೆ. ಎಡಕ್ಕೇ ಓಡಿ, ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ, ಹಿಂದಿನಿಂದ ಬರುವ ಸೈಕಲ್ ಬೆಲ್ ಕೇಳಿಸಬೇಕು. 17–18 ಕಿ.ಮೀ. ಓಡುವ ವಾರಗಳಲ್ಲಿ ಹೀಗೆ ಮಾಡಬಹುದು: ರೈಲಿನಲ್ಲಿ ಬಾತ್‌ನ ಓಲ್ಡ್‌ಫೀಲ್ಡ್ ಪಾರ್ಕ್ ನಿಲ್ದಾಣಕ್ಕೆ ಹೋಗಿ, ನ್ಯೂಬ್ರಿಜ್ ಕಡೆ ದಾರಿ ಹಿಡಿದು ಬ್ರಿಸ್ಟಲ್‌ಗೆ ಓಡಿಕೊಂಡು ಬರುವುದು. ಸುತ್ತು ಹೊಡೆಯುವಾಗ ಮನೆ ಹತ್ತಿರ ಬಂದೊಡನೆ ನಿಲ್ಲಿಸುವ ಚಪಲ ಇರುತ್ತದಲ್ಲ, ಇಲ್ಲಿ ಅದಕ್ಕೆ ಅವಕಾಶವಿಲ್ಲ. ಜೊತೆಗೆ ಓಟದ ದಾರಿಯ ದೂರದ ತುದಿಯೂ ಕಣ್ಣಿಗೆ ಪರಿಚಯವಾಗುತ್ತದೆ.

ಡಿಸೆಂಬರ್, ಜನವರಿ ಅಲ್ಲಿ ಕಷ್ಟದ ತಿಂಗಳುಗಳು. ಬೆಳಗ್ಗೆ 8ರವರೆಗೆ ಕತ್ತಲು, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇಬೇಕು. ಮಳೆ ಬಂದು ರಾತ್ರಿ ಸೊನ್ನೆಗಿಳಿದ ಮರುದಿನ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ನಿಜಕ್ಕೂ ಅದು ತೆಳ್ಳನೆಯ ಮಂಜುಗಡ್ಡೆ. ಅಂಥ ಬೆಳಗ್ಗೆ ಓಟ ಮಧ್ಯಾಹ್ನಕ್ಕೆ ಮುಂದೂಡಿ, ಇಲ್ಲವೇ ಜಿಮ್‌ನ ಟ್ರೆಡ್‌ಮಿಲ್ ಹತ್ತಿ. ಇನ್ನೊಂದು, ಅಲ್ಲಿಗೆ ಹೋದ ನಮ್ಮವರು ಅಲಕ್ಷ್ಯ ಮಾಡುವ ವಿಷಯ ವಿಟಮಿನ್ ಡಿ. ಚಳಿಗಾಲದ ಅಲ್ಲಿನ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸಲಾರದು. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಲು ಬ್ರಿಟನ್ನಿನ ಆರೋಗ್ಯ ಇಲಾಖೆ ಎಲ್ಲರಿಗೂ ಹೇಳುತ್ತದೆ, ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಲಿ ಎನ್ನುತ್ತದೆ. ಸಸ್ಯಾಹಾರಿ ಹೆಣ್ಣುಮಕ್ಕಳು ಕಬ್ಬಿಣಾಂಶವನ್ನೂ ನೋಡಿಕೊಳ್ಳಬೇಕು. ಸರಿಯಾಗಿ ನಿದ್ದೆ, ಊಟ ಇದ್ದೂ ಐದಾರನೇ ವಾರದಿಂದ ನಿಧಾನ ಓಟದಲ್ಲೂ ಏದುಸಿರು ಬರುತ್ತಿದ್ದರೆ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಹತ್ತಿರ ಹೋಗಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ. ಊಟದ ಜೊತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಆಚೆ ಸರಿಸಿ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಶೂ ಬಗ್ಗೆ ಹೆಚ್ಚೇನಿಲ್ಲ. ಹೆಬ್ಬೆರಳ ತುದಿಗೂ ಶೂ ತುದಿಗೂ ಒಂದು ಹೆಬ್ಬೆರಳಷ್ಟು ಜಾಗ ಇರಲಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಓಟದ ದಿನಕ್ಕೆ ಅದು ಕನಿಷ್ಠ 60–80 ಕಿ.ಮೀ. ಓಡಿರಬೇಕು, 600 ದಾಟಿರಬಾರದು.

ಇನ್ನು ಹಿಂದಿನ ದಿನದಿಂದ ಓಟದವರೆಗಿನ ವಿಷಯ. ಬೆಂಗಳೂರಿನಲ್ಲಿ ಓಟ ಎಂದರೆ ಬೆಳಗಿನ ಐದಕ್ಕೋ ಆರಕ್ಕೋ. ಒಂದು ಬಾಳೆಹಣ್ಣು ತಿಂದು ಹೊರಟರೆ ಬಿಸಿಲೇರುವುದರೊಳಗೆ ಮುಗಿದಿರುತ್ತದೆ. ಇಂಗ್ಲೆಂಡಿನ ಚಳಿಗಾಲದ ಓಟಗಳು ಹೆಚ್ಚಾಗಿ ಬೆಳಗಿನ 10–11ರ ಹೊತ್ತಿಗೆ. ಬಾಳೆಹಣ್ಣಿನ ಲೆಕ್ಕ ಇಲ್ಲಿ ನಡೆಯದು. ಹೊರಡುವ ಮೂರು ಗಂಟೆ ಮುಂಚೆ, ತೂಕದ ಕೆ.ಜಿ.ಗೆ ಒಂದೂವರೆ ಗ್ರಾಂನಂತೆ ನಿಮಗೆ ಸುಮಾರು 100 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಣ ಅವಲಕ್ಕಿ 60 ಗ್ರಾಂ ತೆಗೆದುಕೊಂಡರೆ ಸುಮಾರು 45 ಗ್ರಾಂ ಆಯಿತು. ತೋಯಿಸಿ ಉಪ್ಪು, ಚೂರು ಬೆಲ್ಲ ಹಾಕಿ. ಜಾಮ್ ಸವರಿದ ಒಂದು ಬ್ರೆಡ್ ತುಂಡು 30, ಒಂದು ಬಾಳೆಹಣ್ಣು 25. ಅಲ್ಲಿಗೆ ನೂರು. ಬಾತ್‌ನಲ್ಲೇ ರೂಮು ಮಾಡಿದರೂ ಅವಲಕ್ಕಿಗೆ ಕೆಟಲ್‌ನ ಬಿಸಿನೀರು ಸಾಕು, ಒಲೆ ಬೇಕಿಲ್ಲ. (ಬಾತ್‌ಗೆ ಹೋಗಿ ಖಾರಾಬಾತ್ ಹುಡುಕುವವರಿಗೆ ಮುಂಚೆಯೇ ಹೇಳುತ್ತೇವೆ: ಸಿಗುವುದಿಲ್ಲ, ಸಿಕ್ಕರೂ ಆ ದಿನ ಬೇಡ.) ಶನಿವಾರ ರಾತ್ರಿ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಹುರುಳಿ ಸಾರು, ಮೊಳಕೆಕಾಳು, ಸೊಪ್ಪಿನ ಪಲ್ಯ ಇವೆಲ್ಲ ಶುಕ್ರವಾರಕ್ಕೇ ಮುಗಿಯಲಿ. ನಾರು ಹೆಚ್ಚಾದರೆ ಎಂಟನೇ ಮೈಲಿಯಲ್ಲಿ ಶೌಚಾಲಯ ಹುಡುಕಬೇಕಾದೀತು.

ಹೋಗುವುದು ರೈಲಿನಲ್ಲೇ, ಕಾರು ಬೇಡ. ಊರಿನ ರಸ್ತೆಗಳೇ ಓಟದ ದಾರಿಯಾದ್ದರಿಂದ ಮುಚ್ಚಿರುತ್ತಾರೆ. ಬ್ರಿಸ್ಟಲ್ ಟೆಂಪಲ್ ಮೀಡ್ಸ್‌ನಿಂದ ಬಾತ್ ಸ್ಪಾ ನಿಲ್ದಾಣಕ್ಕೆ ಹದಿನೈದು ನಿಮಿಷದೊಳಗಿನ ದಾರಿ. ಆದರೆ ಭಾನುವಾರದ ಮೊದಲ ರೈಲುಗಳು ತಡ, ಹಳಿ ದುರಸ್ತಿಯೂ ಭಾನುವಾರವೇ ಹೆಚ್ಚು. ಆ ದಿನದ ವೇಳಾಪಟ್ಟಿಯನ್ನು ಹಿಂದಿನ ವಾರವೇ ನೋಡಿ. ಇದು ಮಾರ್ಚ್, ಏನೂ ಆಗಬಹುದು ಎಂಬುದೂ ನೆನಪಿರಲಿ: 2018ರ ಓಟ ಹಿಮ ಬಿದ್ದು ರದ್ದಾಗಿತ್ತು. ರೂಮು ಕಾಯ್ದಿರಿಸುವುದಾದರೆ ದುಡ್ಡು ವಾಪಸ್ ಬರುವಂಥದ್ದನ್ನೇ ನೋಡಿ.

ಬಾತ್ ಸ್ಪಾದಿಂದ ಹೊರಡುವ ಜಾಗಕ್ಕೆ ಹದಿನೈದು ನಿಮಿಷ ನಡಿಗೆ. ದಾರಿಯಲ್ಲಿ ಪಲ್ಟ್ನಿ ಸೇತುವೆ ಸಿಗುತ್ತದೆ. 1774ರದ್ದು, ಎರಡೂ ಬದಿ ಅಂಗಡಿಗಳಿರುವುದರಿಂದ ಸೇತುವೆ ಮೇಲೆ ನಡೆಯುತ್ತಿದ್ದೇವೆ ಎಂದೇ ಗೊತ್ತಾಗುವುದಿಲ್ಲ. ಅದನ್ನು ದಾಟಿದರೆ ಗ್ರೇಟ್ ಪಲ್ಟ್ನಿ ಸ್ಟ್ರೀಟ್: 30 ಮೀಟರ್ ಅಗಲ, ಬಾಣದಂತೆ ನೇರ, ಎರಡೂ ಕಡೆ ಒಂದೇ ಎತ್ತರದ ಜೇನುಬಣ್ಣದ ಕಲ್ಲಿನ ಮನೆಗಳು. ಥಾಮಸ್ ಬಾಲ್ಡ್ವಿನ್ 1789ರ ಸುಮಾರಿಗೆ ನಕ್ಷೆ ಹಾಕಿದ ಬೀದಿ. ಅದರ ಆಚೆ ತುದಿಯ ಸಿಡ್ನಿ ಪ್ಲೇಸ್‌ನ 4ನೇ ನಂಬರ್ ಮನೆಯಲ್ಲಿ ಜೇನ್ ಆಸ್ಟಿನ್ ವಾಸವಿದ್ದರು. ನೋಡಲು ಚೆಂದ. ನಿಂತು ಕಾಯಲು ಮಾತ್ರ ಅಲ್ಲ. ಅಷ್ಟಗಲದ ನೇರ ಬೀದಿಯಲ್ಲಿ ಗಾಳಿಗೆ ತಡೆಯಿಲ್ಲ.

ಬಾತ್‌ನಲ್ಲಿ ಮಾರ್ಚ್‌ನ ಹಗಲು 10–11 ಡಿಗ್ರಿ ಸೆಲ್ಸಿಯಸ್, ಮುಂಜಾನೆ 3ರ ಆಸುಪಾಸು. ಓಡಲು ಇದು ಹೇಳಿ ಮಾಡಿಸಿದ ಹವೆ. ತೊಂದರೆ ನಿಲ್ಲುವುದರಲ್ಲಿದೆ. ಲಗೇಜು ಒಪ್ಪಿಸಿ, ಶೌಚಾಲಯದ ಸಾಲಿನಲ್ಲಿ ನಿಂತು, ನಿಮ್ಮ ಗುಂಪಿನ ಆವರಣಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ನಲವತ್ತು ನಿಮಿಷದಿಂದ ಒಂದು ಗಂಟೆ ಕಳೆಯುತ್ತದೆ. ಆ ಹೊತ್ತಿಗೆ ಬೆರಳು ಮರಗಟ್ಟಿ ಬಿಚ್ಚಿದ ಲೇಸು ಕಟ್ಟಲು ಬರುವುದಿಲ್ಲ, ಓಡುವಾಗ ನುಂಗುವ ಸಕ್ಕರೆ ಜೆಲ್ ಪೊಟ್ಟಣದ ಮೂಲೆ ಹರಿಯಲಾಗುವುದಿಲ್ಲ, ತೊಡೆಯ ಸ್ನಾಯು ಬಿಗಿದಿರುತ್ತದೆ. ಹೀಗೆ ಬಿಗಿದ ಕಾಲಲ್ಲಿ ಒಮ್ಮೆಲೇ ಜೋರಾಗಿ ಹೊರಟರೆ ಸ್ನಾಯು ಹಿಡಿದುಕೊಳ್ಳುತ್ತದೆ.

ಇದಕ್ಕೆ ಅಲ್ಲಿಯವರ ಉಪಾಯ ಸರಳ. ಹಳೆಯ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಸ್ವೆಟರೊಂದನ್ನು ಕೊಂಡು ಮೇಲೆ ಹಾಕಿಕೊಳ್ಳಿ. ಮಳೆಯಿದ್ದರೆ ದೊಡ್ಡ ಕಸದ ಚೀಲಕ್ಕೆ ತಲೆ, ತೋಳಿನ ತೂತು ಮಾಡಿ ಅದರ ಮೇಲೆ. ಹೊರಡುವ ಎರಡು ನಿಮಿಷ ಮುಂಚೆ ಕಳಚಿ ರಸ್ತೆ ಬದಿಯ ಕಂಬಿಗೆ ಹಾಕಿ, ಕಾಲಡಿಗೆ ಬಿಸಾಡಬೇಡಿ, ಹಿಂದಿನವರು ಎಡವುತ್ತಾರೆ. ಬಿಟ್ಟ ಬಟ್ಟೆಗಳನ್ನು ಸಾಮಾನ್ಯವಾಗಿ ಒಟ್ಟುಮಾಡಿ ಚಾರಿಟಿಗೇ ಕೊಡುತ್ತಾರೆ. ಓಡುವ ಬಟ್ಟೆಗೆ ಸೂತ್ರವಿಷ್ಟೇ: ಹೊರಗೆ ಇರುವುದಕ್ಕಿಂತ 10 ಡಿಗ್ರಿ ಹೆಚ್ಚಿದೆ ಎಂದುಕೊಂಡು ಹಾಕಿ. 8 ಡಿಗ್ರಿ ಇದ್ದರೆ ಉದ್ದ ತೋಳಿನ ತೆಳ್ಳನೆಯ ಒಂದು ಓಟದ ಟಾಪ್, ಟೈಟ್ಸ್, ತೆಳು ಗ್ಲೌಸ್, ಕಿವಿ ಮುಚ್ಚುವ ಪಟ್ಟಿ. ಹತ್ತಿ ಬಟ್ಟೆ ಬೇಡ; ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟಿದರೆ ಗಾಳಿ ನೇರ ಎಲುಬಿಗೆ ಹೊಡೆಯುತ್ತದೆ. ಜಾಕೆಟ್ ಹಾಕಿಕೊಂಡು ಓಡುವ ಯೋಚನೆ ನಮ್ಮ ಕಡೆಯವರಿಗೆ ಸಹಜ, ಮೂರನೇ ಮೈಲಿಗೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತು ಮೈಲಿ ಹೊರಬೇಕಾಗುತ್ತದೆ. ತೊಡೆಯ ಸಂದು, ಕಂಕುಳು, ಬ್ರಾ ಪಟ್ಟಿಯ ಕೆಳಗೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿ. ನಂಬರ್ ಚೀಟಿಯ ಹಿಂಭಾಗದಲ್ಲಿ ತುರ್ತು ಫೋನ್ ನಂಬರ್, ಔಷಧ, ಅಲರ್ಜಿ ಬರೆಯಲು ಜಾಗವಿರುತ್ತದೆ, ಬರೆಯಿರಿ. ಹುಷಾರಿಲ್ಲ ಎಂದು ನಿಮ್ಮ ನಂಬರನ್ನು ಗೆಳತಿಗೆ ಕೊಡಬೇಡಿ. ದಾರಿಯಲ್ಲಿ ಆಕೆ ಬಿದ್ದರೆ ವೈದ್ಯರ ಕೈಗೆ ಸಿಗುವುದು ನಿಮ್ಮ ವಿವರ.

ಈಗ ಓಟ. ಅಲ್ಲಿ ರಸ್ತೆ ಬದಿಯ ಫಲಕಗಳು ಮೈಲಿಯಲ್ಲಿ ಇರುತ್ತವೆ, 13.1 ಮೈಲಿ. ಒಂದು ಮೈಲಿ 1.609 ಕಿ.ಮೀ. ಕಿಲೋಮೀಟರ್ ಲೆಕ್ಕ ತಲೆಯಲ್ಲಿಟ್ಟುಕೊಂಡು ಮೈಲಿ ಫಲಕ ನೋಡುತ್ತಾ ಗುಣಾಕಾರ ಮಾಡುವ ಕೆಲಸ ದಣಿದ ತಲೆಗೆ ಬೇಡ, ಕೊನೆಯ ನಾಲ್ಕು ವಾರ ವಾಚನ್ನೂ ಮೈಲಿಗೇ ಬದಲಿಸಿ. 2:20ಕ್ಕೆ ಸರಾಸರಿ ಮೈಲಿಗೆ 10:41. ಆದರೆ ಸಮವಾಗಿ ಹಂಚಬೇಡಿ. ಮೊದಲ ಎರಡು ಮೈಲಿ 11:00ರಂತೆ, ಅಂದರೆ ಎರಡನೇ ಫಲಕಕ್ಕೆ 22:00. ಮೂರರಿಂದ ಹತ್ತನೇ ಮೈಲಿವರೆಗೆ 10:40ರಂತೆ. ಆರನೇ ಫಲಕದಲ್ಲಿ 1:04:40, ಹತ್ತರಲ್ಲಿ 1:47:20. ಉಳಿದದ್ದು 10:30. ಮುಗಿಯುವಾಗ 2 ಗಂಟೆ 20ಕ್ಕೆ ಸರಿಯಾಗಿ ಬರುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ಮುಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳಿ.

ಮೊದಲ ಎರಡು ಮೈಲಿಯಲ್ಲಿ ನೂರಾರು ಜನ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಹೋಗಲಿ. ಚಳಿ, ಸಂಗೀತ, ಕೂಗು, ಅಗಲ ಬೀದಿ ಎಲ್ಲ ಸೇರಿ 9:45ರ ವೇಗ ಹಗುರ ಎನಿಸುವ ಹೊತ್ತದು. ಅಲ್ಲಿ ಗಳಿಸಿದ ಎರಡು ನಿಮಿಷಕ್ಕೆ ಹನ್ನೊಂದನೇ ಮೈಲಿ ಐದು ನಿಮಿಷ ಕಿತ್ತುಕೊಳ್ಳುತ್ತದೆ: ಬೇಗ ಓಡಿದಷ್ಟೂ ಸ್ನಾಯುವಿನಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೊಜನ್ ಇನ್ನೂ ಬೇಗ ಕರಗುತ್ತದೆ, ಅದು ತೀರಿದ ಮೇಲೆ ಕಾಲು ಎತ್ತಿಡುವುದೇ ಸಾಹಸ.

ವಾಚ್ ಬಗ್ಗೆ ಒಂದು ಎಚ್ಚರಿಕೆ, ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ರಸ್ತೆ ಓಟದ ದೂರವನ್ನು ಮುಂದಿನ ಗಾಲಿಗೆ ಎಣಿಕೆ ಯಂತ್ರ ಕೂರಿಸಿದ ಸೈಕಲ್‌ನಲ್ಲಿ ಅಳೆಯುತ್ತಾರೆ. ತಿರುವುಗಳಲ್ಲಿ ಕಟ್ಟೆಯಿಂದ 30 ಸೆಂ.ಮೀ. ಬಿಟ್ಟು, ಇರುವುದರಲ್ಲಿ ಅತಿ ಹತ್ತಿರದ ಗೆರೆ ಹಿಡಿದು. ಕಡಿಮೆಯಾಗಬಾರದೆಂದು ಸಾವಿರಕ್ಕೆ ಒಂದರಂತೆ, ಹಾಫ್‌ಗೆ ಸುಮಾರು 21 ಮೀಟರ್, ಸೇರಿಸುತ್ತಾರೆ. ಜನಜಂಗುಳಿಯಲ್ಲಿ ನೀವು ಆ ಗೆರೆ ಹಿಡಿದು ಓಡಲಾರಿರಿ. ನಿಮ್ಮ ವಾಚ್ 21.4 ಕಿ.ಮೀ. ತೋರಿಸಿದರೆ ಅಚ್ಚರಿಯಿಲ್ಲ. ಅಷ್ಟಾದಾಗ 2:20ಕ್ಕೆ ವಾಚ್‌ನಲ್ಲಿ ಕಾಣಬೇಕಾದದ್ದು 10:41 ಅಲ್ಲ, 10:32. ವಾಚ್ ಹೇಳಿದ ವೇಗ ನಂಬಿ ಓಡಿದವರು ಕೊನೆಯಲ್ಲಿ ಎರಡು ನಿಮಿಷ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ತಾನಾಗಿಯೇ ಮೈಲಿ ಎಣಿಸುವುದನ್ನು ವಾಚ್‌ನಲ್ಲಿ ಆಫ್ ಮಾಡಿಬಿಟ್ಟು ಪ್ರತಿ ಫಲಕದ ಬಳಿ ನೀವೇ ಲ್ಯಾಪ್ ಗುಂಡಿ ಒತ್ತಿ, ಮುಂಗೈಯ ಸಂಖ್ಯೆಯೊಡನೆ ಹೋಲಿಸಿ. ಮುಂದೆ ಎಡ ತಿರುವಿದ್ದರೆ ಮುಂಚಿನಿಂದಲೇ ನಿಧಾನಕ್ಕೆ ಎಡಕ್ಕೆ ಸರಿಯಿರಿ. ಆದರೆ ಅಂಚಿಗೇ ಅಂಟಿಕೊಂಡು ಮೈಲಿಗಟ್ಟಲೆ ಓಡಬೇಡಿ: ನೀರು ಹರಿಯಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ಒಂದು ಕಾಲು ಸದಾ ತಗ್ಗಿನಲ್ಲಿ ಬಿದ್ದು ಮಂಡಿಯ ಹೊರಬದಿ ನೋಯುತ್ತದೆ. ನೇರ ರಸ್ತೆಯಲ್ಲಿ ಆದಷ್ಟು ನಡುವೆ ಇರಿ. ಮಳೆಯಲ್ಲಿ ಕಬ್ಬಿಣದ ಚರಂಡಿ ಮುಚ್ಚಳ ಮತ್ತು ರಸ್ತೆಯ ಬಿಳಿ ಪಟ್ಟೆ ಜಾರುತ್ತವೆ.

ಎರಡು ಸುತ್ತಿನ ದಾರಿಗೆ ಅದರದೇ ಕಷ್ಟವಿದೆ. ಅರ್ಧ ದಾರಿಯ ಹೊತ್ತಿಗೆ ಊರಿನ ನಡುವಿಗೆ ವಾಪಸ್ ಬಂದಿರುತ್ತೀರಿ, ಜನ ಕೂಗುತ್ತಿರುತ್ತಾರೆ, ಮತ್ತೆ ಅದೇ ರಸ್ತೆಗೆ ಹೊರಡಬೇಕು. ಎರಡನೇ ಸುತ್ತಿನ ಅಪ್ಪರ್ ಬ್ರಿಸ್ಟಲ್ ರಸ್ತೆ ಮೊದಲಿನದಕ್ಕಿಂತ ಉದ್ದ ಎನಿಸುವುದು ಎಲ್ಲರಿಗೂ. ಮೊದಲ ಸುತ್ತಿನಲ್ಲೇ ಗುರುತು ಮಾಡಿಕೊಳ್ಳಿ: ಏರು ಎಲ್ಲಿ ಶುರು, ನೀರು ಎಲ್ಲಿ, ಗಾಳಿ ಯಾವ ಕಡೆಯಿಂದ. ಅಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ. ಹಾಗಿದ್ದರೆ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಎದುರುಗಾಳಿಯಲ್ಲಿ ಎತ್ತರದವರೊಬ್ಬರ ಹಿಂದೆ ಸೇರಿಕೊಂಡು ಓಡಿದರೆ ತಪ್ಪೇನಿಲ್ಲ. ಮುಂದಿನ ಸಾಲಿನ ಓಟಗಾರರು ತಮ್ಮ ಎರಡನೇ ಸುತ್ತಿನಲ್ಲಿ ನಿಮ್ಮನ್ನು ದಾಟುತ್ತಾರೆ, ಸ್ವಯಂಸೇವಕರು ಯಾವ ಬದಿಗೆ ಸರಿಯಿರಿ ಎನ್ನುತ್ತಾರೋ ಆ ಬದಿಗೆ ಸರಿಯಿರಿ.

22 ಗ್ರಾಂ ಕಾರ್ಬೊಹೈಡ್ರೇಟ್ ಇರುವ ಜೆಲ್ ಮೂರು ಸಾಕು: ನಾಲ್ಕು, ಏಳು, ಹತ್ತನೇ ಮೈಲಿ. ಹಸಿವಾದ ಮೇಲೆ ತಿನ್ನುತ್ತೇನೆ ಎಂದರೆ ತಡವಾಯಿತು. ಚಳಿಗೆ ಜೆಲ್ ಗಟ್ಟಿಯಾಗುತ್ತದೆ, ಮೈಗೆ ತಾಗುವ ಜೇಬಿನಲ್ಲಿಡಿ. ಜೆಲ್ ಒಗ್ಗದಿದ್ದರೆ ಬೀಜ ತೆಗೆದ ಮೆಡ್ಜೂಲ್ ಖರ್ಜೂರ, ಒಂದರಲ್ಲಿ 16–18 ಗ್ರಾಂ ಸಕ್ಕರೆ ಇದೆ. ಆದರೆ ಅಗಿಯುತ್ತಾ ಓಡುವುದನ್ನು ಉದ್ದ ಓಟಗಳಲ್ಲಿ ರೂಢಿ ಮಾಡಿಕೊಂಡಿರಬೇಕು. ನೀರಿನ ವಿಷಯದಲ್ಲಿ ಬೆಂಗಳೂರಿನ ಏಪ್ರಿಲ್ ಲೆಕ್ಕ ಮರೆತುಬಿಡಿ. ಈ ಚಳಿಯಲ್ಲಿ ಬೆವರು ಕಡಿಮೆ. ಬಾಯಾರಿದಷ್ಟು, ನೀರಿನ ಮೇಜು ಬಂದಾಗ ನಾಲ್ಕಾರು ಗುಟುಕು. ಸಿಕ್ಕಸಿಕ್ಕಲ್ಲಿ ಬಾಟಲಿ ಖಾಲಿ ಮಾಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ. ನಿಧಾನ ಓಡುವವರಿಗೇ ಈ ಅಪಾಯ ಜಾಸ್ತಿ. ನೋವಿರಲಿ ಇಲ್ಲದಿರಲಿ, ಓಟಕ್ಕೆ ಮುಂಚೆ ಐಬುಪ್ರೊಫೆನ್ ನುಂಗಬೇಡಿ, ದೇಹದಲ್ಲಿ ನೀರು ಕಡಿಮೆಯಿದ್ದಾಗ ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಜ್ವರ, ಎದೆಕಫ, ಮೈಕೈ ನೋವು ಇದ್ದರೆ ಓಟವೇ ಬೇಡ. ಬರೀ ಮೂಗು ಸೋರುತ್ತಿದ್ದರೆ ಪರವಾಗಿಲ್ಲ.

ಚಾರಿಟಿ ಜಾಗ ಎಂದಿರಿ. ಇಂತಿಷ್ಟು ದುಡ್ಡು ಎತ್ತಿಕೊಡುತ್ತೇನೆ ಎಂದು ಒಪ್ಪಿರುತ್ತೀರಿ, ಅದನ್ನು ಕೊನೆಯ ವಾರಕ್ಕೆ ಇಡಬೇಡಿ. ಹೆಚ್ಚಿನವರು ಕೊಡುವುದು ಸಂಬಳ ಬಂದ ವಾರದಲ್ಲಿ. ಅಲ್ಲಿ ತೆರಿಗೆ ಕಟ್ಟುವವರು ಕೊಡುವಾಗ ಗಿಫ್ಟ್ ಏಡ್‌ಗೆ ಟಿಕ್ ಹಾಕಿದರೆ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಊರಿನಿಂದ ಅಪ್ಪನೋ ಚಿಕ್ಕಪ್ಪನೋ ಕೊಟ್ಟರೆ ಬೇಡ ಎನ್ನಬೇಕಿಲ್ಲ, ಆದರೆ ಅವರು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಲ್ಲವಾದ್ದರಿಂದ ಆ ಟಿಕ್ ಹಾಕುವಂತಿಲ್ಲ. ಅದಕ್ಕೇ ಸಹೋದ್ಯೋಗಿಗಳನ್ನು ಮೊದಲು ಕೇಳಿ.

ಗೆರೆ ದಾಟಿದೊಡನೆ ನಿಲ್ಲಬೇಡಿ, ಕೂರಬೇಡಿ. ಓಡುವಾಗ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದುದು ಮೀನಖಂಡ. ತಟ್ಟನೆ ನಿಂತರೆ ರಕ್ತ ಕೆಳಗೇ ಉಳಿದು ಕಣ್ಣು ಕತ್ತಲಿಡುತ್ತದೆ. ಹತ್ತು ನಿಮಿಷ ನಡೆಯಿರಿ. ಅಷ್ಟರಲ್ಲೇ ಒದ್ದೆ ಟಾಪ್ ತಣ್ಣಗಾಗಿ ಹಲ್ಲು ಕಟಕಟ ಎನ್ನಲು ಶುರುವಾಗುತ್ತದೆ. ಲಗೇಜು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಒಣ ಬನಿಯನ್, ಉಣ್ಣೆ ಟೋಪಿ, ದಪ್ಪ ಸ್ವೆಟರ್ ಇರಲಿ. ಮೊದಲು ಒದ್ದೆಯದನ್ನು ಪೂರ್ತಿ ತೆಗೆದು ಒಣದನ್ನು ಹಾಕಿ, ಒದ್ದೆಯ ಮೇಲೆ ಸ್ವೆಟರ್ ಹಾಕಿ ಪ್ರಯೋಜನವಿಲ್ಲ. ಫೋಟೊ ಆಮೇಲೆ.

ಬಾತ್ ಎಂದ ಮೇಲೆ ಬಿಸಿನೀರಿನ ಆಸೆ ಇದ್ದೇ ಇರುತ್ತದೆ. ಅಲ್ಲಿನ ಬುಗ್ಗೆ 46 ಡಿಗ್ರಿಯಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮಿಕ್ಕಿ ನೀರುಕ್ಕಿಸುತ್ತದೆ. ರೋಮನ್ನರ ಕಾಲದ ಕೊಳವನ್ನು ಟಿಕೆಟ್ ಕೊಂಡು ನೋಡಬಹುದು, ಇಳಿಯುವಂತಿಲ್ಲ: 1978ರಲ್ಲಿ ಅಲ್ಲಿ ಈಜಿದ ಹುಡುಗಿಯೊಬ್ಬಳು ನೀರಿನಲ್ಲಿದ್ದ ಅಮೀಬಾ ಮಿದುಳಿಗೆ ಹತ್ತಿ ತೀರಿಕೊಂಡ ಮೇಲೆ ಮುಚ್ಚಿದರು. ಮೈ ತೋಯಿಸಲು ಥರ್ಮೆ ಬಾತ್ ಸ್ಪಾ ಇದೆ, ಅದೇ ಬುಗ್ಗೆಯ ನೀರನ್ನು ಶುದ್ಧಗೊಳಿಸಿ 33.5 ಡಿಗ್ರಿಗೆ ಇಳಿಸಿದ್ದು. ಓಟದ ದಿನ ನೂಕುನುಗ್ಗಲು. ಹೋಗುವುದಾದರೆ ಊಟ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಎರಡು ಮೂರು ಗಂಟೆ ಬಿಟ್ಟು. ಬಿಸಿನೀರು ರಕ್ತದೊತ್ತಡ ಇಳಿಸುತ್ತದೆ, ದಣಿದ ಮೈಗೆ ಎದ್ದಾಗ ತಲೆ ಸುತ್ತೀತು. ಮರುದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕಂಬಿ ಹಿಡಿದು ಅಡ್ಡಡ್ಡ ಇಳಿಯಿರಿ. ಮೂರನೇ ದಿನ ಅರ್ಧ ಗಂಟೆ ನಡಿಗೆ, ಏಳನೇ ದಿನ 3–4 ಕಿ.ಮೀ. ಹಗುರ ಓಟ, ಅದಕ್ಕೂ ಮುಂಚೆ ಬೇಡ.